ದತ್ತಿಯಿಲ್ಲದ ದಾನ

ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲೊಂದಾದ ನಂದಗುಡಿಯು ಬೆಂಗಳೂರಿನ ಐಶ್ವರ್ಯಕ್ಕೆ ಅತ್ಯಂತ ಸಮೀಪದಲ್ಲಿದ್ದರೂ ಆ ಐಶ್ವರ್ಯವು ಹಾದುಹೋಗುವ ದಾರಿಗೆ ತುಸು ಓರೆಯಾಗಿ ನಿಂತಿರುವ ಸೀಮೆ. ರಾಗಿ, ರೇಷ್ಮೆ, ತರಕಾರಿ, ಹಾಲು ಇವುಗಳನ್ನು ನಂಬಿ, ವರ್ಷದಿಂದ ವರ್ಷಕ್ಕೆ ಪಾತಾಳಕ್ಕಿಳಿಯುತ್ತಿರುವ ಕೊಳವೆಬಾವಿಯ ನೀರನ್ನು ಅವೆಲ್ಲಕ್ಕಿಂತ ಹೆಚ್ಚಾಗಿ ನಂಬಿ ಬಾಳುವ ಇಲ್ಲಿನ ಜನಕ್ಕೆ ಒಂದು ಕಡೆ ದೇವನಹಳ್ಳಿಯ ವಿಮಾನ ನಿಲ್ದಾಣವೂ, ಇನ್ನೊಂದು ಕಡೆ, ಕೋಲಾರದ ಹೆದ್ದಾರಿಯ ಮೇಲೆ, ಪ್ರಪಂಚದ ಅತಿ ದುಬಾರಿ ಫೋನುಗಳನ್ನು ಜೋಡಿಸುವ ನರಸಾಪುರದ ಕಾರ್ಖಾನೆಯೂ ನೆರೆಯಾಗಿ ಒದಗಿವೆ. ಇಂತಹ ನೆರೆಹೊರೆಯುಳ್ಳ ಸೀಮೆಯ ಸರ್ಕಾರಿ ಶಾಲೆಗಳಿಗೆ ದಾನಿಗಳ ಕ್ಷಾಮವುಂಟಾಗುವ ಸಂಭವ ಕಡಮೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮು, ನಿಗದಿತ ಪ್ರಮಾಣವನ್ನು ಮೀರಿದ ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಲೋಕೋಪಕಾರಕ್ಕೆ ವಿನಿಯೋಗಿಸತಕ್ಕದ್ದೆಂದು ವಿಧಿಸಿರುವುದರಿಂದ, 2014ರ ಏಪ್ರಿಲಿನಿಂದೀಚೆಗೆ ಔದಾರ್ಯವೆಂಬುದು ನಮ್ಮಲ್ಲಿ ಮಾರ್ಚ್ ತಿಂಗಳ ಲೆಕ್ಕಕ್ಕೆ ಸೇರಿದ ಒಂದು ಕಾರ್ಯವಾಗಿದೆ. ಅದೇ ಕಾಯಿದೆಯ ಎರಡನೆಯ ಅನುಸೂಚಿಯು ಕಂಪ್ಯೂಟರಿನ ಉಪಯುಕ್ತ ಆಯುಷ್ಯವನ್ನು 3 ವರ್ಷವೆಂದು ಗಣಿಸುತ್ತದೆಂಬ ಸಂಗತಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಪಟ್ಟಣದ ಕಚೇರಿಯ ಪುಸ್ತಕದಲ್ಲಿ ಆಯುಷ್ಯ ಮುಗಿಸಿದ ಯಂತ್ರವು ಹಳ್ಳಿಯ ಶಾಲೆಯ ಪುಸ್ತಕದಲ್ಲಿ ನವಜನ್ಮವನ್ನೆತ್ತುತ್ತದೆ.

ಇದೀಗ ಆ ನವಜನ್ಮಗಳು ಹೆಚ್ಚುವ ಕಾಲ ಬಂದಿದೆ. ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಅದರ ಒಡೆಯರು ಕೊಡುತ್ತಿದ್ದ ಉಚಿತ ರಕ್ಷಣೆಯು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮುಂದಿನ ಅವತರಣಿಕೆಯು ಹಳೆಯ ಯಂತ್ರಗಳಲ್ಲಿ ಅನೇಕವನ್ನು ಅಂಗೀಕರಿಸುವುದಿಲ್ಲ. ಕಚೇರಿಗಳು ತಮ್ಮ ಮೇಜುಗಳನ್ನು ತೆರವು ಮಾಡಿಕೊಳ್ಳಲೇಬೇಕು. ತೆರವಾದುದನ್ನು ವಿದ್ಯುನ್ಮಾನ ತ್ಯಾಜ್ಯದ ನಿಯಮಗಳಿಗನುಸಾರವಾಗಿ ವಿಲೇವಾರಿ ಮಾಡುವುದು ತೊಡಕಿನ ಕೆಲಸ, ಶಾಲೆಗೆ ಕೊಡುವುದು ಸುಲಭದ ಕೆಲಸ ಮಾತ್ರವಲ್ಲದೆ ಹಾರ, ಶಾಲು, ಭಾವಚಿತ್ರಗಳು ಸಲ್ಲುವ ಕೆಲಸವೂ ಹೌದು. ಕೊಡುವವರೆಲ್ಲರ ಅಂತರಂಗವೂ ಹೀಗೆಯೇ ಇರುತ್ತದೆಂದು ನಾನು ಹೇಳುವುದಿಲ್ಲ. ಹೊಚ್ಚಹೊಸ ಯಂತ್ರಗಳನ್ನೇ ಕೊಂಡು, ನಿಷ್ಕಲ್ಮಷವಾದ ಮನಸ್ಸಿನಿಂದ ಕೊಡುವವರಿದ್ದಾರೆ. ಆದರೆ ಮನಸ್ಸಿನ ಶುದ್ಧಿಯು ಯಂತ್ರದ ಬ್ಯಾಟರಿಯನ್ನು ಬದಲಾಯಿಸುವುದಿಲ್ಲ.

ಸಮಾರಂಭವು ಮುಗಿದು ಶಾಮಿಯಾನವನ್ನು ಬಿಚ್ಚಿದ ಮೇಲೆ ನಡೆಯುವುದೇನೆಂಬುದನ್ನು ನಮ್ಮ ಹಳ್ಳಿಶಾಲೆಗಳ ಉಪಾಧ್ಯಾಯರಾರಾದರೂ ಹೇಳಬಲ್ಲರು. ಯಂತ್ರಗಳು ದಾಸ್ತಾನು ಪುಸ್ತಕಕ್ಕೇರುತ್ತವೆ. ಏರಿದ ಕ್ಷಣದಿಂದ ಅವುಗಳ ಹೊಣೆ ಮುಖ್ಯೋಪಾಧ್ಯಾಯರದು. ಕಳುವಾದರೆ ಉತ್ತರ ಹೇಳಬೇಕಾದವರು ಅವರು. ಕೆಟ್ಟರೆ ರಿಪೇರಿಗೆ ಹಣವನ್ನು ಹುಡುಕಬೇಕಾದವರು ಅವರು. ಪೂರ್ತಿ ಸತ್ತುಹೋದರೂ ಮೇಲಧಿಕಾರಿಗಳ ಅನುಮತಿಯಿಲ್ಲದೆ ಶವಸಂಸ್ಕಾರ ಮಾಡಲು ಅಧಿಕಾರವಿಲ್ಲದವರೂ ಅವರೇ. ಇಷ್ಟು ಭಾರವನ್ನು ಹೊತ್ತ ವಿವೇಕಿಯು ಏನು ಮಾಡಿಯಾನು? ಕೊಠಡಿಗೆ ಕಬ್ಬಿಣದ ಬಾಗಿಲು ಹಾಕಿಸಿ ಬೀಗ ಜಡಿಯುತ್ತಾನೆ. ಮಕ್ಕಳು ಮುಟ್ಟಿದರೆ ಕೆಟ್ಟೀತೆಂಬ ಭಯದಿಂದ ಮುಟ್ಟಗೊಡದೆ ಕಾಪಾಡಿದ ಯಂತ್ರವು ಮುಟ್ಟದೆಯೇ ಕೆಡುತ್ತದೆ. ಇದನ್ನು ಕಂಡು ಹೊರಗಿನವರು ಉಪಾಧ್ಯಾಯರ ಆಲಸ್ಯವನ್ನು ನಿಂದಿಸುವುದುಂಟು. ನನಗಾದರೋ ಆ ಬೀಗವು ಆಲಸ್ಯದ ಗುರುತಾಗಿ ಕಾಣದೆ, ದಾನದ ಜೊತೆಯಲ್ಲಿ ಬಂದ ಸಾಲಕ್ಕೆ ಒಬ್ಬ ಬಡ ನೌಕರನು ಮಾಡಿಕೊಂಡ ಏಕಮಾತ್ರ ರಕ್ಷಣೆಯಾಗಿ ಕಾಣುತ್ತದೆ.

ದಾನದ ವಿಷಯದಲ್ಲಿ ನಮ್ಮ ಪೂರ್ವಿಕರು ಇಷ್ಟು ಅಲ್ಪದೃಷ್ಟಿಯವರಾಗಿರಲಿಲ್ಲ. ಬಿ. ಎಲ್. ರೈಸರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿವೆ, ಹೊಸಕೋಟೆಯ ಶಾಸನಗಳೂ ಅದರಲ್ಲಿ ಸೇರಿವೆ. ಅಂತಹ ಸಂಪುಟಗಳನ್ನು ಸಾವಧಾನವಾಗಿ ತಿರುವಿಹಾಕಿದವರಿಗೆ ಒಂದು ವಿಷಯವು ಪದೇ ಪದೇ ಕಾಣಬರುತ್ತದೆ: ಕೆರೆಯನ್ನು ಕಟ್ಟಿಸಿದವನು ಕಟ್ಟಿಸಿ ಸುಮ್ಮನಾಗುತ್ತಿರಲಿಲ್ಲ, ಅದರ ಏರಿಯನ್ನು ಬಲಪಡಿಸುವುದಕ್ಕೂ ಹೂಳನ್ನು ಎತ್ತುವುದಕ್ಕೂ ಬಿತ್ತುವಟ್ಟವಾಗಿ ಭೂಮಿಯನ್ನು ಬಿಡುತ್ತಿದ್ದನು, ದೇಗುಲವನ್ನೆತ್ತಿಸಿದವನು ಮುಂದೆ ಅದರಲ್ಲಿ ಒಡೆದುದು, ಬಿರಿದುದು ಎಲ್ಲದರ ಜೀರ್ಣೋದ್ಧಾರಕ್ಕೆಂದು ದಾನ ಮಾಡಿದ ದಿನವೇ ದತ್ತಿಯನ್ನು ಬರೆಯಿಸುತ್ತಿದ್ದನು. ತಾನು ಕೊಟ್ಟದ್ದು ಒಂದು ದಿನ ಬಿರಿಯುತ್ತದೆಂಬುದನ್ನು ಕೊಡುವ ಗಳಿಗೆಯಲ್ಲಿಯೇ ಒಪ್ಪಿಕೊಂಡು ಅದನ್ನು ಕಲ್ಲಿನ ಮೇಲೆ ಕೊರೆಯಿಸುವುದಕ್ಕೆ ಎಂತಹ ಧೈರ್ಯ ಬೇಕೆಂಬುದನ್ನು ಉದ್ಘಾಟನೆಯ ಫಲಕಗಳನ್ನು ನೋಡಿ ಬೆಳೆದ ನಾವು ಯೋಚಿಸಬೇಕು.

ವಿದ್ಯೆಯ ವಿಷಯದಲ್ಲಿ ಇದಕ್ಕಿಂತಲೂ ನಿಚ್ಚಳವಾದ ಉದಾಹರಣೆಯಿದೆ. ಈಗಿನ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿಗೆ ಸೇರಿದ ಸಾಲೋಟಗಿಯಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನೆಂಬವನು ವಿದ್ಯಾರ್ಥಿಗಳಿಗಾಗಿ ಒಂದು ಶಾಲೆಯನ್ನು ಕಟ್ಟಿಸಿದನು. ಕ್ರಿ.ಶ. 945ರ ಆ ಶಾಸನವು ಕಟ್ಟಡದ ವರ್ಣನೆಯಿಂದ ತೃಪ್ತಿಪಡುವುದಿಲ್ಲ. ವಿದ್ಯಾರ್ಥಿಗಳ ವಸತಿಗೆ 27 ಮನೆಗಳನ್ನೂ, ಉಪಾಧ್ಯಾಯನ ವೇತನಕ್ಕೆ 50 ನಿವರ್ತನ ಭೂಮಿಯನ್ನೂ, ದೀಪದ ವೆಚ್ಚಕ್ಕೆ ಪ್ರತ್ಯೇಕವಾಗಿ 12 ನಿವರ್ತನವನ್ನೂ ನಮೂದಿಸುತ್ತದೆ. ಸಾವಿರ ವರ್ಷಗಳ ಹಿಂದಿನ ಒಬ್ಬ ಮಂತ್ರಿಗೆ, ರಾತ್ರಿ ಓದುವ ಹುಡುಗನಿಗೆ ಎಣ್ಣೆ ಬೇಕೆಂಬುದೂ, ಆ ಎಣ್ಣೆಯ ದುಡ್ಡು ಉಪಾಧ್ಯಾಯನ ಕಿಸೆಯಿಂದ ಬರಕೂಡದೆಂಬುದೂ ತಿಳಿದಿತ್ತು. ಇಂದು ಒಂದು ಶಾಲೆಗೆ ಇಪ್ಪತ್ತು ಯಂತ್ರಗಳನ್ನು ಕೊಡುವವರು ಅವುಗಳ ವಿದ್ಯುತ್ ಬಿಲ್ಲನ್ನು ಯಾರು ಕಟ್ಟುವರೆಂದು ಕೇಳುವುದು ಅಪರೂಪ. ಅವನ್ನು ಕಲಿಸುವ ಮೇಷ್ಟ್ರು ಯಾರೆಂದು ಕೇಳುವುದು ಇನ್ನೂ ಅಪರೂಪ.

ಈ ಮರೆವು ನಮ್ಮ ದೇಶದ ದಾನಿಗಳಿಗೆ ಮಾತ್ರ ಸೇರಿದುದಲ್ಲ. 2005ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ನಿಕೊಲಸ್ ನೆಗ್ರೊಪಾಂಟೆಯವರು, ಹಿಂದುಳಿದ ದೇಶಗಳ ಪ್ರತಿಯೊಂದು ಮಗುವಿಗೂ ನೂರು ಡಾಲರಿನ ಒಂದೊಂದು ಲ್ಯಾಪ್‌ಟಾಪನ್ನು ಒದಗಿಸುವ ಸಂಕಲ್ಪವನ್ನು ಲೋಕದ ಮುಂದಿಟ್ಟರು. ಆ ವರ್ಷದ ನವೆಂಬರಿನಲ್ಲಿ ಟ್ಯೂನಿಸ್ ನಗರದ ಸಮ್ಮೇಳನದಲ್ಲಿ, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನರ ಸಮ್ಮುಖದಲ್ಲಿ ಪ್ರದರ್ಶಿತವಾದ ಹಸಿರು ಬಣ್ಣದ ಮಾದರಿಗೆ, ವಿದ್ಯುತ್ತಿಲ್ಲದ ಊರಿನ ಮಗುವು ಕೈಯಿಂದ ತಿರುಗಿಸಿ ಚೈತನ್ಯವನ್ನು ತುಂಬಿಕೊಳ್ಳಲೆಂದು ಒಂದು ಹಿಡಿಕೆಯಿತ್ತು. ಜಗತ್ತಿನ ಪತ್ರಿಕೆಗಳೆಲ್ಲ ಆ ಹಿಡಿಕೆಯನ್ನು ಕಂಡು ಮರುಳಾದವು. ಕಟ್ಟಕಡೆಗೆ ತಯಾರಾಗಿ ಬಂದ ಯಂತ್ರದಲ್ಲಿ ಹಿಡಿಕೆಯೂ ಇರಲಿಲ್ಲ, ಬೆಲೆಯೂ ಇನ್ನೂರು ಡಾಲರಿನ ಸಮೀಪಕ್ಕೆ ಏರಿತ್ತು. ಯಂತ್ರವು ಜಾಣತನದಿಂದ ರಚಿತವಾದುದೆಂಬುದರಲ್ಲಿ ಸಂಶಯವಿಲ್ಲ. ಬಿಸಿಲಿನಲ್ಲಿಯೂ ಓದಬಹುದಾದ ಅದರ ಪರದೆ ಅಂದಿಗೆ ಒಂದು ವಿಸ್ಮಯವಾಗಿತ್ತು. ದೋಷವಿದ್ದುದು, ಮಗುವಿನ ಕೈಗೆ ಯಂತ್ರವನ್ನು ಕೊಟ್ಟರಾಯಿತು, ಉಪಾಧ್ಯಾಯನ ಹಂಗಿಲ್ಲದೆಯೇ ಕಲಿಕೆ ತಾನಾಗಿ ಉದ್ಭವಿಸುವುದೆಂಬ ನಂಬಿಕೆಯಲ್ಲಿ.

ಆ ನಂಬಿಕೆಯ ಪರೀಕ್ಷೆ ನಡೆದುದು ಪೆರು ದೇಶದಲ್ಲಿ. ಅಲ್ಲಿನ ಸರ್ಕಾರವು ಎಂಟು ಲಕ್ಷಕ್ಕೂ ಮೀರಿದ ಸಂಖ್ಯೆಯಲ್ಲಿ ಈ ಲ್ಯಾಪ್‌ಟಾಪುಗಳನ್ನು ಕೊಂಡು ಹಂಚಿತು. ಅಂತರ-ಅಮೆರಿಕ ಅಭಿವೃದ್ಧಿ ಬ್ಯಾಂಕಿನ ಪಂಡಿತರು 319 ಗ್ರಾಮೀಣ ಶಾಲೆಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ವರದಿಯ ಸಾರವೆಂದರೆ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಯಂತ್ರ ದೊರೆತ ಮಕ್ಕಳು ದೊರೆಯದವರಿಗಿಂತ ಮುಂದೆ ಹೋಗಿದ್ದಕ್ಕೆ ಪ್ರಮಾಣವಿಲ್ಲವೆಂಬುದು. ಸಾಮಾನ್ಯ ಬುದ್ಧಿಯ ಪರೀಕ್ಷೆಗಳಲ್ಲಿ ಅಲ್ಪಸ್ವಲ್ಪ ಏಳಿಗೆ ಕಂಡುಬಂದಿತ್ತು. ಅದೇ ಯಂತ್ರವನ್ನು 2007ರಿಂದ ಹಂಚಿದ ಉರುಗ್ವೆಯಲ್ಲಿಯೂ ಅಂಕಗಳೇನೂ ಚಿಮ್ಮಲಿಲ್ಲ. ಆದರೂ ಅಲ್ಲಿನ ಯೋಜನೆ ಇಂದಿಗೂ ಬದುಕಿದೆ, ಏಕೆಂದರೆ ಆ ಪುಟ್ಟ ದೇಶವು ಶಾಲೆಗಳಿಗೆ ಅಂತರ್ಜಾಲವನ್ನು ಎಳೆಯುವ, ಕೆಟ್ಟ ಯಂತ್ರವನ್ನು ರಿಪೇರಿ ಮಾಡುವ, ಉಪಾಧ್ಯಾಯರನ್ನು ಸಿದ್ಧಗೊಳಿಸುವ ಹೊಣೆಯನ್ನು ಯಾವ ದಾನಿಗೂ ಬಿಡದೆ ತನ್ನದೇ ಒಂದು ಸಂಸ್ಥೆಗೆ ವಹಿಸಿತು. ಹಳೆಯ ಯಂತ್ರಗಳ ದಾನದ ಕಥೆಯಾದರೋ ಇದಕ್ಕಿಂತ ಕರಾಳ. ನೈಜೀರಿಯದ ಲಾಗೋಸ್ ಬಂದರಿಗೆ ತಿಂಗಳಿಗೆ ಸುಮಾರು 500 ಹಡಗು-ಕಂಟೇನರುಗಳಷ್ಟು ಹಳೆಯ ಗಣಕ ಸಾಮಗ್ರಿ ಬಂದಿಳಿಯುತ್ತಿತ್ತೆಂದೂ, ಅದರಲ್ಲಿ ಮುಕ್ಕಾಲು ಪಾಲು ರಿಪೇರಿಗೂ ಒದಗದ ಕಸವಾಗಿತ್ತೆಂದೂ ಬಾಸೆಲ್ ಆಕ್ಷನ್ ನೆಟ್‌ವರ್ಕ್ ಎಂಬ ಸಂಸ್ಥೆಯು 2005ರಲ್ಲಿ ಅಂದಾಜು ಮಾಡಿತ್ತು.

ಭಾರತವು ಆ ನೂರು ಡಾಲರಿನ ಯಂತ್ರವನ್ನು 2006ರಲ್ಲಿ ಬೇಡವೆಂದಿತು. ಅಂದು ಕೇಂದ್ರದ ಶಿಕ್ಷಣ ಕಾರ್ಯದರ್ಶಿಯಾಗಿದ್ದ ಸುದೀಪ್ ಬ್ಯಾನರ್ಜಿಯವರು (ಅಧಿಕಾರಿಗಳಲ್ಲಿ ಅಪರೂಪವಾಗಿ, ಹಿಂದಿಯ ಒಳ್ಳೆಯ ಕವಿಯೂ ಆಗಿದ್ದವರು) ಯೋಜನಾ ಆಯೋಗಕ್ಕೆ ಬರೆದು, ಈ ಯೋಜನೆಯು ಬೋಧನಶಾಸ್ತ್ರದ ದೃಷ್ಟಿಯಿಂದ ಶಂಕಾಸ್ಪದವಾದುದೆಂದೂ, ನಮಗೆ ಇದಕ್ಕಿಂತ ಜರೂರಾಗಿ ಬೇಕಾಗಿರುವುದು ತರಗತಿಯ ಕೊಠಡಿಗಳೂ ಉಪಾಧ್ಯಾಯರೂ ಎಂದೂ ಸ್ಪಷ್ಟಪಡಿಸಿದರು. ಅದಾಗಿ ಐದು ವರ್ಷ ಕಳೆದ ಮೇಲೆ ಅದೇ ಸಚಿವಾಲಯವು ಸರ್ಕಾರಕ್ಕೆ 2,276 ರೂಪಾಯಿಗೆ ಬೀಳುವ ಆಕಾಶ್ ಎಂಬ ಟ್ಯಾಬ್ಲೆಟ್ಟನ್ನು ತಾನೇ ಆಡಂಬರದಿಂದ ಬಿಡುಗಡೆ ಮಾಡಿ, ಅಷ್ಟೇ ಬೇಗ ಮರೆತುಬಿಟ್ಟಿತೆಂಬುದು ಬೇರೆ ಮಾತು. ವಿವೇಕವು ಸಚಿವಾಲಯಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲ.

ನಾನು ಒತ್ತಿ ಹೇಳಬಯಸುವುದು ಆ ನಿರಾಕರಣೆಯ ಅಧಿಕಾರವನ್ನು. ದೇಶವೊಂದಕ್ಕೆ ದಾನವನ್ನು ಬೇಡವೆನ್ನುವ ಸ್ವಾತಂತ್ರ್ಯವಿದೆ. ನಂದಗುಡಿ ಹೋಬಳಿಯ ಒಂದು ಶಾಲೆಯ ಮುಖ್ಯೋಪಾಧ್ಯಾಯರಿಗೆ ಅದು ಇದೆಯೆ? ಕಾಗದದ ಮೇಲೆ ಇದ್ದೀತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೆಂಬುದೊಂದು ಪ್ರತಿ ಶಾಲೆಗೂ ಉಂಟು. ಆದರೆ ದಾನಿಯ ಜೊತೆಯಲ್ಲಿ ಶಾಸಕರೋ ಅಧಿಕಾರಿಗಳೋ ಬರುವರೆಂದು ಗೊತ್ತಾದ ಮೇಲೆ, ‘ಸ್ವಾಮಿ, ನಮಗೆ ಕಂಪ್ಯೂಟರಿಗಿಂತ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬೇಕು’ ಎಂದು ಹೇಳುವ ಉಪಾಧ್ಯಾಯನು ಎಷ್ಟು ಕಾಲ ಆ ಊರಿನಲ್ಲಿರುವನೆಂಬುದನ್ನು ಓದುಗರೇ ಊಹಿಸಬಹುದು. ಈ ಸೀಮೆಯ ಜನಕ್ಕೆ ಬೇಡವೆನ್ನುವ ಅಭ್ಯಾಸವಿಲ್ಲವೆಂದಲ್ಲ. 2006ರಿಂದೀಚಿನ ಒಂದೆರಡು ವರ್ಷಗಳಲ್ಲಿ, ವಿಶೇಷ ಆರ್ಥಿಕ ವಲಯವೆಂಬ ಹೆಸರಿನಲ್ಲಿ ನಂದಗುಡಿಯ ಸುತ್ತಣ ಸಾವಿರಾರು ಎಕರೆಗಳನ್ನು ಕೇಳಿಕೊಂಡು ಅಭಿವೃದ್ಧಿಯು ಬಾಗಿಲಿಗೆ ಬಂದಾಗ, ಇಲ್ಲಿನ ರೈತರು ಎದ್ದು ನಿಂತು ಅದನ್ನು ಒಲ್ಲೆವೆಂದರು. ಆ ವಲಯವು ಆಗಲಿಲ್ಲ. ಭೂಮಿಯನ್ನು ಕೇಳಲು ಬಂದವರಿಗೆ ಕೊಟ್ಟ ಉತ್ತರವನ್ನು ಉಡುಗೊರೆ ಕೊಡಲು ಬಂದವರಿಗೆ ಕೊಡುವುದು ಕಷ್ಟ. ಕಸಿದುಕೊಳ್ಳುವವನನ್ನು ಎದುರಿಸಬಹುದು, ಕೈತುಂಬ ತಂದವನನ್ನು ಎದುರಿಸಲು ನಮ್ಮ ದಾಕ್ಷಿಣ್ಯ ಬಿಡುವುದಿಲ್ಲ.

ಹಾಗಾದರೆ ಪಟ್ಟಣದ ಶ್ರೀಮಂತರ ಮಕ್ಕಳು ಅಕ್ಷರದ ಜೊತೆಯಲ್ಲಿಯೇ ಯಂತ್ರವನ್ನು ಕಲಿಯುತ್ತಿರಲು, ಹಳ್ಳಿಯ ಮಗುವು ಅದನ್ನು ಕಿಟಕಿಯಿಂದ ನೋಡುತ್ತ ನಿಲ್ಲಬೇಕೆ? ಈ ಪ್ರಶ್ನೆ ನ್ಯಾಯವಾದುದು, ಇದಕ್ಕೆ ಹಾರಿಕೆಯ ಉತ್ತರ ಸಲ್ಲದು. 2020ರ ಮಾರ್ಚಿನಲ್ಲಿ ಕೋವಿಡ್ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಯಂತ್ರವಿಲ್ಲದ ಮಗುವಿಗೆ ಶಾಲೆಯೇ ಇಲ್ಲವಾಯಿತು. ಆ ಆಗಸ್ಟಿನಲ್ಲಿ ನಮ್ಮ ಸರ್ಕಾರವು ಆರಂಭಿಸಿದ ವಿದ್ಯಾಗಮ ಕಾರ್ಯಕ್ರಮವು ಮಕ್ಕಳನ್ನು ಅಂತರ್ಜಾಲವುಳ್ಳ ಫೋನಿರುವವರು, ಬರಿಯ ಫೋನಿರುವವರು, ಏನೂ ಇಲ್ಲದವರು ಎಂದು ಮೂರು ವರ್ಗವಾಗಿ ಎಣಿಸಬೇಕಾಯಿತು. ಜಾತಿ, ಮತ, ಆದಾಯಗಳಿಂದ ಈಗಾಗಲೇ ಸೀಳಿಹೋದ ತರಗತಿಗೆ ಇನ್ನೊಂದು ಸೀಳು. ಆದರೂ ಆ ದುರ್ದಿನಗಳಲ್ಲಿ ಮೂರನೆಯ ವರ್ಗದ ಮಕ್ಕಳನ್ನು ತಲಪಿದುದು ಗುಡಿಯ ಜಗಲಿ, ಅರಳಿಕಟ್ಟೆಗಳಲ್ಲಿ ಅವರನ್ನು ಕಲೆಹಾಕಿ ಕುಳಿತ ಉಪಾಧ್ಯಾಯರೇ ಹೊರತು ಯಾವ ಯಂತ್ರವೂ ಅಲ್ಲ. ಅದರ ಬೆಲೆಯನ್ನು ಅವರಲ್ಲಿ ಕೆಲವರು ತಮ್ಮ ಆರೋಗ್ಯದಿಂದಲೇ ತೆತ್ತರು, ಅಕ್ಟೋಬರಿನಲ್ಲಿ ಕಾರ್ಯಕ್ರಮವನ್ನು ನಿಲ್ಲಿಸಬೇಕಾಯಿತು. ಇನ್ನು ಇಂದಿನ ಸ್ಥಿತಿ. 2024ರ ಅಸರ್ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮಾಂತರದಲ್ಲಿ 14ರಿಂದ 16 ವರ್ಷದ ಮಕ್ಕಳಲ್ಲಿ ಶೇಕಡ 82 ಮಂದಿ ಸ್ಮಾರ್ಟ್‌ಫೋನನ್ನು ಬಳಸಬಲ್ಲರು. ಬಳಸಬಲ್ಲವರಲ್ಲಿ ಹಿಂದಿನ ವಾರದಲ್ಲಿ ಅದನ್ನು ಓದಿಗಾಗಿ ಬಳಸಿದವರು ಶೇಕಡ 57, ಸಾಮಾಜಿಕ ಜಾಲಗಳಿಗಾಗಿ ಬಳಸಿದವರು ಶೇಕಡ 76. ಯಂತ್ರವೆಂಬುದು ಮನೆಗೆ ಆಗಲೇ ಬಂದುಬಿಟ್ಟಿದೆ. ಬಾರದೆ ಉಳಿದಿರುವುದು ಅದರಿಂದ ಏನನ್ನು ಮಾಡಬೇಕೆಂದು ಪಕ್ಕದಲ್ಲಿ ಕುಳಿತು ಹೇಳುವವರು.

ಈ ಪಾಠವನ್ನು ಕಲಿಯಲು ನಾವು ಪೆರು ದೇಶಕ್ಕೆ ಹೋಗಬೇಕಾದುದೂ ಇರಲಿಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ತನ್ನ ಆರಂಭದ ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಗಣಕಾಧಾರಿತ ಕಲಿಕೆಯ ಕೇಂದ್ರಗಳನ್ನು ವಿಸ್ತಾರವಾಗಿ ನಡೆಯಿಸಿ, ಫಲವು ಶ್ರಮಕ್ಕೆ ತಕ್ಕಷ್ಟಿಲ್ಲವೆಂದು ಕಂಡುಕೊಂಡು, ಅದನ್ನು ಮರೆಮಾಚದೆ ಬಹಿರಂಗವಾಗಿ ಹೇಳಿ, ತನ್ನ ಶಕ್ತಿಯನ್ನು ಉಪಾಧ್ಯಾಯರ ಕಡೆಗೆ ತಿರುಗಿಸಿತು. 2005ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೈಕ್ರೊಸಾಫ್ಟಿನ ಸಂಶೋಧನಾಲಯದವರು ಹಳ್ಳಿಶಾಲೆಗಳಲ್ಲಿ ಒಂದು ಯಂತ್ರವನ್ನು ಹಲವು ಮಕ್ಕಳು ಮುತ್ತಿಕೊಂಡಿರುವುದನ್ನೂ, ಅವರಲ್ಲಿ ಬಲವಾದ ಒಬ್ಬನೇ ಮೌಸನ್ನು ಹಿಡಿದಿರುವುದನ್ನೂ ಗಮನಿಸಿ, ಒಂದೇ ಪರದೆಗೆ ಹಲವು ಮೌಸುಗಳನ್ನು ಜೋಡಿಸಿ ಮಗುವಿಗೊಂದು ಬಣ್ಣದ ಬಾಣವನ್ನು ಕೊಡುವ ಉಪಾಯವನ್ನು ಹೂಡಿದರು. ಮನೋಹರವಾದ ಉಪಾಯವದು. ಆದರೆ ಆ ಸಂಶೋಧನಾಲಯದ ಸಂಸ್ಥಾಪಕರಲ್ಲೊಬ್ಬರಾದ ಕೆಂಟಾರೊ ಟೊಯಾಮ ಅವರೇ ಮುಂದೆ, 2015ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಯಂತ್ರವು ಇರುವ ಶಕ್ತಿಯನ್ನು ಹಿಗ್ಗಿಸೀತೇ ಹೊರತು ಇಲ್ಲದ ಶಕ್ತಿಯನ್ನು ಹುಟ್ಟಿಸಲಾರದೆಂಬ ನಿರ್ಣಯಕ್ಕೆ ಬಂದರು. ಒಳ್ಳೆಯ ಮೇಷ್ಟ್ರಿರುವ ಶಾಲೆ ಅದರಿಂದ ಇನ್ನೂ ಒಳ್ಳೆಯದಾಗುತ್ತದೆ.

ಭಾಷೆಯ ವಿಷಯವೊಂದಿದೆ. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡಿ, ಶಾಲೆಗೆ ಬಂದು ಕನ್ನಡವನ್ನು ಕಲಿಯುವ ಮಕ್ಕಳು ಈ ಸೀಮೆಯಲ್ಲಿ ವಿರಳವಲ್ಲ. ಅವರ ಮುಂದೆ ತೆರೆದುಕೊಳ್ಳುವ ದಾನದ ಯಂತ್ರವು ಮಾತಾಡುವುದು ಇಂಗ್ಲಿಷಿನಲ್ಲಿ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವೂ, ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶವೂ ಇರುವ ನಾಡಿನಲ್ಲಿ ಇದು ನಿರುಪಾಯವಲ್ಲ, ಬರಿಯ ಉಪೇಕ್ಷೆ. ನೆರೆಯ ಕೇರಳವು 2001-02ರಿಂದ ಐಟಿ ಅಟ್ ಸ್ಕೂಲ್ ಯೋಜನೆಯಡಿಯಲ್ಲಿ ತನ್ನ ಉಪಾಧ್ಯಾಯರನ್ನೇ ತರಬೇತುಗೊಳಿಸಿ, ಕಾಲಕ್ರಮದಲ್ಲಿ ಲಿನಕ್ಸಿನಂತಹ ಸ್ವತಂತ್ರ ತಂತ್ರಾಂಶಕ್ಕೆ ಪೂರ್ತಿಯಾಗಿ ಹೊರಳಿದ ಫಲವಾಗಿ, ಇಂದು ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಿಗೆ ಗಣಕದ ಪಠ್ಯಪುಸ್ತಕವು ಕನ್ನಡದಲ್ಲಿಯೇ ದೊರೆಯುತ್ತದೆ. ಕರ್ನಾಟಕದ ಕನ್ನಡ ಮಗುವಿಗಿಂತ ಕೇರಳದ ಕನ್ನಡ ಮಗುವು ಈ ಒಂದು ವಿಷಯದಲ್ಲಿ ಪುಣ್ಯವಂತನೆಂದು ಬರೆಯುವುದಕ್ಕೆ ನನಗೆ ಸಂಕೋಚವಾಗುತ್ತದೆ. ವಿಂಡೋಸ್ 10ರ ರಕ್ಷಣೆಯನ್ನು ಕಳೆದುಕೊಂಡ ಅದೇ ಹಳೆಯ ಯಂತ್ರಗಳಲ್ಲಿ ಬಹುಪಾಲು ಈ ಸ್ವತಂತ್ರ ತಂತ್ರಾಂಶದಿಂದ ಇನ್ನೂ ಕೆಲವು ವರ್ಷ ಚೆನ್ನಾಗಿ ನಡೆದಾವು, ನಡೆಯಿಸುವವರಿದ್ದರೆ.

ಆದುದರಿಂದ ನನ್ನ ಬೇಡಿಕೆಯು ದಾನವನ್ನು ನಿಲ್ಲಿಸಬೇಕೆಂಬುದಲ್ಲ, ದತ್ತಿಯಿಲ್ಲದ ದಾನವನ್ನು ಶಾಲೆಗಳು ತೆಗೆದುಕೊಳ್ಳಬೇಕಾದ ದುರವಸ್ಥೆ ತಪ್ಪಬೇಕೆಂಬುದು. ಐದು ವರ್ಷಗಳ ವಿದ್ಯುತ್ತು, ಬ್ಯಾಟರಿ, ರಿಪೇರಿಗಳ ಹಣವನ್ನು ಯಂತ್ರದ ಜೊತೆಯಲ್ಲಿಯೇ ಇಟ್ಟು, ಕಡೆಗೆ ಕೆಟ್ಟುದನ್ನು ತಾವೇ ಹಿಂದಕ್ಕೆ ಒಯ್ಯುವುದಾಗಿ ಬರೆದುಕೊಡದ ದಾನವನ್ನು ಸ್ವೀಕರಿಸಕೂಡದೆಂದು ಶಿಕ್ಷಣ ಇಲಾಖೆಯು ಒಂದು ಸುತ್ತೋಲೆಯನ್ನು ಹೊರಡಿಸಲಿ. ಆಗ ಮುಖ್ಯೋಪಾಧ್ಯಾಯರು ದಾಕ್ಷಿಣ್ಯಕ್ಕೆ ಸಿಕ್ಕದೆ ಆ ಸುತ್ತೋಲೆಯ ಕಡೆಗೆ ಬೆರಳು ತೋರಿಸಬಹುದು. ಹಾಗೆ ಮಾಡಿದರೆ ದಾನಿಗಳು ಓಡಿಹೋದಾರೆಂದು ಹೆದರುವವರಿದ್ದಾರೆ. ಅಷ್ಟಕ್ಕೇ ಓಡಿಹೋಗುವವರು ಹೋಗಲಿ. ಶಾಲೆಯ ಒಂದು ಕೊಠಡಿಯಾದರೂ ಪಾಠಕ್ಕೆ ಉಳಿದೀತು.

ಉಳಿದವರಿಗೆ ನಾನು ಸೂಚಿಸುವ ಕೆಲಸವು ಸಣ್ಣದು. ಹೊಸಕೋಟೆಯ ಐದು ಹೋಬಳಿಗಳಿಗೂ ಒಬ್ಬೊಬ್ಬರಂತೆ, ಶಾಲೆಯಿಂದ ಶಾಲೆಗೆ ತಿರುಗಿ, ನಿಂತ ಯಂತ್ರವನ್ನು ಎಬ್ಬಿಸಿ, ಅದಕ್ಕೆ ಕನ್ನಡವನ್ನು ತುಂಬಿ, ಮೇಷ್ಟ್ರಿಗೂ ಮೇಡಂಗೂ ಅಂಜಿಕೆ ಬಿಡಿಸುವ ಒಬ್ಬ ಕುಶಲಿಗನ ವೇತನವನ್ನು ಕೊಡಿ. ಹೊಸ ಯಂತ್ರ ಒಂದನ್ನೂ ಎರಡು ವರ್ಷ ಕೊಡಬೇಡಿ. ಅಂತಹವರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಐಟಿಐಯನ್ನೋ ಡಿಪ್ಲೊಮಾವನ್ನೋ ಮುಗಿಸಿ, ಇಂದು ಕಂಪನಿಯ ಬಸ್ಸನ್ನೇರಿ ಕಾರ್ಖಾನೆಗಳ ಪಾಳಿಗೆ ಹೋಗಿ ಬರುತ್ತಿರುವ ಹುಡುಗರೂ ಹುಡುಗಿಯರೂ ಈ ಸೀಮೆಯ ಹಳ್ಳಿಹಳ್ಳಿಯಲ್ಲಿದ್ದಾರೆ. ಅವರಲ್ಲೊಬ್ಬರಿಗೆ ಅದೇ ಸಂಬಳವನ್ನು ಕೊಟ್ಟು, ಒಂದು ಸ್ಕೂಟರಿಗೆ ಪೆಟ್ರೋಲು ಹಾಕಿಸಿ, ನಂದಗುಡಿಯಲ್ಲಿಯೇ ಇರಿಸಿಕೊಳ್ಳುವುದಕ್ಕೆ ತಗಲುವ ವೆಚ್ಚವನ್ನು ಯಾವ ಕಂಪನಿಯಾದರೂ ಲೆಕ್ಕ ಹಾಕಿ ನೋಡಬಹುದು. ಫಲಕವು ಬೇಕೇ ಬೇಕೆಂದಾದರೆ ಆ ಸ್ಕೂಟರಿನ ಮೇಲೆ ಬರೆಯಿಸಿಕೊಳ್ಳಲಿ.